ಹಳೆಯ ಕತ್ತರಿ, ಕರಾವಳಿಯ ಸೆಕೆ: ಗಂಡಸರ ಉಡುಗೆಯ ಬಗ್ಗೆ ಓದುಗರ ಪ್ರಶ್ನೆಗಳು

ಹಳೆಯ ಕಾಲದ ಮಾದರಿಯ ಉಡುಪನ್ನು ಇಂದಿನ ದಿನನಿತ್ಯದ ಬದುಕಿನಲ್ಲಿ ತೊಡುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡ ಜಿಲ್ಲೆಯವಾಗಿದ್ದುದರಿಂದ ಈ ಸಲದ ಅಂಕಣವನ್ನು ಆ ಜಿಲ್ಲೆಯ ಓದುಗರಿಗೇ ಮೀಸಲಿಟ್ಟಿದ್ದೇವೆ. ಹೆಸರು ಬೇಡವೆಂದು ಹಲವರು ಕೋರಿದ್ದಾರೆ; ಹಾಗಾಗಿ ಯಾರ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ಕಾರವಾರದ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ, ವಯಸ್ಸು 29. 1940–50ರ ದಶಕದ ಉಡುಪು ನನಗೆ ಬಹಳ ಇಷ್ಟ. ಹೊಕ್ಕುಳಿನವರೆಗೆ ಏರುವ ನೆರಿಗೆಯ ಪ್ಯಾಂಟು, ಅಗಲ ಕಾಲರಿನ ಅಂಗಿ, ತೋಳಿಲ್ಲದ ವೇಸ್ಟ್‌ಕೋಟು, ಪ್ಯಾಂಟನ್ನು ಹೆಗಲಿನಿಂದ ಹಿಡಿದಿಡುವ ಸಸ್ಪೆಂಡರ್ ಪಟ್ಟಿ ಎಲ್ಲವನ್ನೂ ಆನ್‌ಲೈನಿನಲ್ಲಿ ತರಿಸಿ ಒಂದು ದಿನ ಹಾಕಿಕೊಂಡು ಹೋದೆ. ಮಧ್ಯಾಹ್ನದೊಳಗೆ ಬೆವರಿ ತೊಯ್ದುಹೋದೆ. ಸಹೋದ್ಯೋಗಿಗಳು ಯಕ್ಷಗಾನಕ್ಕೆ ಹೊರಟವನನ್ನು ಕೇಳುವಂತೆ ‘ಇವತ್ತು ಎಲ್ಲಿ ಆಟ, ಯಾವ ಮೇಳ?’ ಎಂದು ಕೇಳಿದರು. ನಮ್ಮ ಊರಿನ ಹವೆಯಲ್ಲಿ ಇದು ಸಾಧ್ಯವೇ, ಅಥವಾ ಆಸೆ ಬಿಡಬೇಕೇ?
– ಬ್ಯಾಂಕ್ ಉದ್ಯೋಗಿ, ಕಾರವಾರ

ಉತ್ತರ: ಆಸೆ ಬಿಡುವ ಅಗತ್ಯವಿಲ್ಲ, ತರಿಸಿಕೊಂಡ ಆ ಜೊತೆಯನ್ನು ಮಾತ್ರ ಬಿಟ್ಟುಬಿಡಿ. ಹಳೆಯ ಕಾಲದಿಂದ ಉಡುಪಿನ ಕತ್ತರಿಯನ್ನು, ಅಂದರೆ ಅದರ ಅಳತೆ ಮತ್ತು ಆಕಾರವನ್ನು ತೆಗೆದುಕೊಳ್ಳಬೇಕು. ಬಟ್ಟೆಯನ್ನು ನಾವು ಬದುಕುವ ಊರಿನ ಹವೆ ನೋಡಿ ಆರಿಸಬೇಕು. ಎರಡನ್ನೂ ಹಳೆಯ ಕಾಲದಿಂದಲೇ ತರಲು ಹೋದವರಿಗೆಲ್ಲ ನಿಮಗಾದ ಪಾಡೇ ಆಗುತ್ತದೆ.

1930ರ ದಶಕದ ಇಂಗ್ಲೆಂಡಿನಲ್ಲಿ ಸೂಟಿಗೆ ಬಳಸುತ್ತಿದ್ದ ಉಣ್ಣೆಬಟ್ಟೆ ಗಜವೊಂದಕ್ಕೆ 16ರಿಂದ 18 ಔನ್ಸ್ ತೂಗುವುದು ಸಾಮಾನ್ಯವಾಗಿತ್ತು. ಇಂದಿನ ಸೂಟುಬಟ್ಟೆಯ ತೂಕ ಹೆಚ್ಚುಕಡಿಮೆ ಅದರ ಅರ್ಧ. ಚಳಿಯ ನಾಡಿನಲ್ಲಿ ಆ ಭಾರಕ್ಕೆ ಅರ್ಥವಿತ್ತು. ಇಂದು ‘ವಿಂಟೇಜ್’ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಸಿಗುವ ಜೊತೆಗಳಲ್ಲಿ ಆ ಉಣ್ಣೆಯೂ ಇರುವುದಿಲ್ಲ. ಸಾಮಾನ್ಯವಾಗಿ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಬೆರೆತ ಬಟ್ಟೆ, ಅದರ ಒಳಗೆ ಪಾಲಿಯೆಸ್ಟರಿನದೇ ಅಸ್ತರು. ಪಾಲಿಯೆಸ್ಟರ್ ಎಳೆ ಬೆವರನ್ನು ಹೀರುವುದಿಲ್ಲ. ವೇಸ್ಟ್‌ಕೋಟಿನ ಬೆನ್ನು ಕೂಡ ಅದೇ ಅಸ್ತರಿನದಾಗಿರುವುದರಿಂದ, ಅಂಗಿ, ಅದರ ಮೇಲೆ ಎರಡು ಪದರ ಅಸ್ತರು ಎಂದು ಮೂರು ಪದರಗಳ ಅಡಿ ನಿಮ್ಮ ಬೆನ್ನು ಸಿಕ್ಕಿಕೊಂಡಿತ್ತು.

ಈಗ ಕರಾವಳಿಯ ಸೆಕೆಯ ಸ್ವಭಾವವನ್ನು ಗಮನಿಸಿ. ಧಾರವಾಡದ ಬಿಸಿಲಿನಲ್ಲಿ ಬೆವರು ಬೇಗ ಆರುತ್ತದೆ. ಕಾರವಾರದಲ್ಲಿ ಗಾಳಿಯೇ ತೇವವಾಗಿರುವುದರಿಂದ ಬೆವರು ಆರುವುದು ನಿಧಾನ. ಇಂಥ ಕಡೆ ಬಟ್ಟೆ ತೆಳುವಾಗಿದ್ದರಷ್ಟೇ ಸಾಲದು. ಅದು ಮೈಗೆ ಅಂಟದೆ ನಿಂತು, ಮೈಗೂ ಬಟ್ಟೆಗೂ ನಡುವೆ ಗಾಳಿಯಾಡಲು ಜಾಗ ಕೊಡಬೇಕು. ತೊಡೆಗೆ ಬಿಗಿಯಾಗಿ ಅಂಟುವ, ಹಿಗ್ಗುವ ದಾರ ಸೇರಿಸಿದ ಇಂದಿನ ಪ್ಯಾಂಟಿಗಿಂತ, ಸೊಂಟದಲ್ಲಿ ನಿಂತು ಅಲ್ಲಿಂದ ನೇರವಾಗಿ ಇಳಿಬೀಳುವ ಹಳೆಯ ನೆರಿಗೆಯ ಪ್ಯಾಂಟು ಈ ದೃಷ್ಟಿಯಿಂದ ಎಷ್ಟೋ ಮೇಲು. ಅಂದರೆ ನೀವು ಮೆಚ್ಚಿದ ಕತ್ತರಿ ನಿಮ್ಮ ಊರಿಗೆ ಹೊಂದುವಂಥದ್ದೇ; ಅದನ್ನು ಲಿನನ್ನಿನಲ್ಲಿ, ಡ್ರಿಲ್ ಎಂಬ ಗಟ್ಟಿ ನೇಯ್ಗೆಯ ಹತ್ತಿ ಬಟ್ಟೆಯಲ್ಲಿ ಅಥವಾ ಸ್ವಲ್ಪ ದಪ್ಪ ನೂಲಿನ ಖಾದಿಯಲ್ಲಿ ಹೊಲಿಸಿಕೊಳ್ಳಬೇಕು. ಲಿನನ್ ಮುದುಡುತ್ತದೆ ಎಂಬ ದೂರು ನಿಜ, ಆದರೆ ಆ ಮುದುಡು ಅದರ ಗುಣವೇ ಹೊರತು ದೋಷವಲ್ಲ. ಬ್ಯಾಂಕಿನಲ್ಲಿ ಅಚ್ಚುಕಟ್ಟಾಗಿ ಕಾಣಲೇಬೇಕೆಂದಿದ್ದರೆ ಹತ್ತಿ ಬೆರೆತ ಲಿನನ್ ತೆಗೆದುಕೊಳ್ಳಿ.

ಸಹೋದ್ಯೋಗಿಗಳ ಮಾತಿಗೆ ಬರೋಣ. ಅವರು ನಕ್ಕದ್ದು ಪ್ಯಾಂಟು ನೋಡಿ ಅಲ್ಲ, ಎಲ್ಲವೂ ಒಂದೇ ದಶಕದಿಂದ ಒಟ್ಟಿಗೆ ಎದ್ದುಬಂದದ್ದನ್ನು ನೋಡಿ. ಕಿರೀಟದಿಂದ ಗೆಜ್ಜೆಯವರೆಗೆ ಎಲ್ಲವನ್ನೂ ಒಂದು ಪಾತ್ರಕ್ಕೆಂದೇ ಕಟ್ಟಿಕೊಂಡರೆ ಅದು ವೇಷ. ಚೌಕಿಯ, ಅಂದರೆ ಯಕ್ಷಗಾನದ ಬಣ್ಣದ ಕೋಣೆಯ, ಹೊರಗೆ ಅದು ವೇಷವಾಗಿಯೇ ಕಾಣುತ್ತದೆ. ಆದ್ದರಿಂದ ಒಂದು ದಿನಕ್ಕೆ ಒಂದು ಹಳೆಯ ಸಂಗತಿ ಸಾಕು. ಮೊದಲು ಪ್ಯಾಂಟು, ಅದರ ಮೇಲೆ ಈಗ ನಿಮ್ಮಲ್ಲಿರುವ ಬಿಳಿ ಅಥವಾ ತಿಳಿನೀಲಿ ಹತ್ತಿಯ ಅಂಗಿ. ಕೆಲವು ವಾರ ಅದು ಎಲ್ಲರ ಕಣ್ಣಿಗೆ ರೂಢಿಯಾಗಲಿ. ನಂತರ ಉದ್ದ ಕಾಲರಿನ ಅಂಗಿ. ರಜೆಯ ದಿನಗಳಿಗೆ, ಎರಡನೆಯ ಮಹಾಯುದ್ಧದ ನಂತರ ನಮ್ಮಲ್ಲಿ ಮನೆಮಾತಾದ, ತೆರೆದ ಕಾಲರಿನ, ಹೊರಗೆ ಬಿಟ್ಟು ತೊಡುವ ಬುಶ್ ಶರ್ಟಿಗಿಂತ ಒಳ್ಳೆಯದಿಲ್ಲ. ನಿಮ್ಮ ಅಜ್ಜನ ಫೋಟೋದಲ್ಲಿ ಅದು ಖಂಡಿತ ಇರುತ್ತದೆ. ವೇಸ್ಟ್‌ಕೋಟನ್ನು ಡಿಸೆಂಬರ್, ಜನವರಿಯ ಸಂಜೆಗೆ ಇಟ್ಟುಕೊಳ್ಳಿ. ಸಸ್ಪೆಂಡರ್ ಕೋಟಿನ ಒಳಗೆ ಮರೆಯಾಗಿರುತ್ತಿದ್ದ ವಸ್ತು. ಕೋಟು ತೊಡದ ಊರಿನಲ್ಲಿ ಅದನ್ನು ಪ್ರದರ್ಶಿಸಿದರೆ ಇಡೀ ಉಡುಪು ಅದೊಂದರ ಸುತ್ತಲೇ ಸುತ್ತುತ್ತದೆ.

ಪ್ರಶ್ನೆ: ಅಟ್ಟದ ಮೇಲಿನ ಟ್ರಂಕಿನಲ್ಲಿ ನಮ್ಮ ಅಜ್ಜನ ಕ್ಲೋಸ್ ಕಾಲರ್ ಕೋಟು ಸಿಕ್ಕಿದೆ. ಕಪ್ಪು ಉಣ್ಣೆಯದು. ಅಲ್ಲಲ್ಲಿ ಸಣ್ಣ ತೂತುಗಳಿವೆ, ಬೂಷ್ಟಿನ ವಾಸನೆ ಇದೆ. ಅಜ್ಜ ಅದನ್ನು ಕಚ್ಚೆಪಂಚೆಯ ಮೇಲೆ ತೊಡುತ್ತಿದ್ದರಂತೆ. ಬರುವ ವೈಶಾಖದಲ್ಲಿ ತಂಗಿಯ ಮದುವೆಗೆ ಅದನ್ನೇ ಹಾಕಿಕೊಳ್ಳಬೇಕೆಂದಿದ್ದೇನೆ. ಭುಜದಲ್ಲಿ ಸ್ವಲ್ಪ ಬಿಗಿ. ದರ್ಜಿಗೆ ಕೊಟ್ಟು ಸರಿಮಾಡಿಸಬಹುದೇ?
– ಓದುಗರು, ಶಿರಸಿ

ಉತ್ತರ: ಮೊದಲು ಕೋಟನ್ನು ಮನೆಯ ಉಳಿದ ಬಟ್ಟೆಗಳಿಂದ ದೂರವಿಡಿ. ಆ ತೂತುಗಳು ನುಸಿಯ ಮರಿಹುಳುಗಳ ಕೆಲಸ. ಹುಳು ಇನ್ನೂ ಒಳಗೇ ಇರಬಹುದು. ಕೋಟನ್ನು ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯಲ್ಲಿ ನಡೆಯುವ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳು, ಮೊಟ್ಟೆ ಎರಡೂ ಸಾಯುತ್ತವೆ. ವಸ್ತುಸಂಗ್ರಹಾಲಯಗಳು ಹಳೆಯ ಬಟ್ಟೆಗಳಿಗೆ ಅನುಸರಿಸುವ ವಿಧಾನವೂ ಇದೇ. ಮನೆಯವರು ಫ್ರೀಜರಿನಲ್ಲಿ ಕೋಟು ಕಂಡು ಏನೆನ್ನುತ್ತಾರೋ, ಅದನ್ನು ನೀವೇ ನಿಭಾಯಿಸಿಕೊಳ್ಳಬೇಕು. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಡಿ. ತಕ್ಷಣ ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ಗಾಳಿಯ ತೇವ ಕೂರುತ್ತದೆ. ಆಮೇಲೆ ಅಂಗಳಕ್ಕೆ ಒಯ್ದು, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬ್ರಷ್‌ನಿಂದ ಬೂಷ್ಟು ಉದುರಿಸಿ, ಗಾಳಿಯಾಡುವ ನೆರಳಿನಲ್ಲಿ ಹರವಿ. ನೇರ ಬಿಸಿಲಿಗೆ ಹೆಚ್ಚು ಹೊತ್ತು ಒಡ್ಡಿದರೆ ಹಳೆಯ ಕಪ್ಪು ಬಣ್ಣ ಕಂದುಗಟ್ಟುತ್ತದೆ.

ನಂತರ ಬಟ್ಟೆಯಲ್ಲಿ ಜೀವ ಉಳಿದಿದೆಯೇ ಎಂದು ನೋಡಿ. ಕಂಕುಳಿನ ಒಳಹೊಲಿಗೆಯ ಬಳಿ ಎರಡೂ ಬೆರಳುಗಳಿಂದ ಹಿಡಿದು ಮೆಲ್ಲಗೆ ಎಳೆಯಿರಿ. ದಾರ ಮಾತ್ರ ಬಿಟ್ಟುಕೊಂಡರೆ ಮತ್ತೆ ಹೊಲಿಯಬಹುದು. ಬಟ್ಟೆಯೇ ಹರಿದರೆ ಆ ಕೋಟನ್ನು ತೊಡುವ ವಿಚಾರ ಬಿಡಿ. ಗಟ್ಟಿಯಾಗಿದ್ದರೆ ತೂತುಗಳನ್ನು ರಫೂ ಮಾಡಿಸಬೇಕು. ಅದಕ್ಕೆ ಬೇಕಾದ ಎಳೆಗಳನ್ನು ಕೋಟಿನದೇ ಒಳಮಡಿಕೆಯಿಂದ ತೆಗೆಯಲು ಹೇಳಿ, ಬಣ್ಣ ಹೊಂದುತ್ತದೆ. ಡ್ರೈಕ್ಲೀನಿಂಗ್ ರಫೂ ಆದ ಮೇಲೆ, ಮೊದಲಲ್ಲ; ಇಲ್ಲವಾದರೆ ಸಣ್ಣ ತೂತುಗಳು ದೊಡ್ಡವಾಗಿ ಮರಳುತ್ತವೆ.

ಭುಜದ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಹಿಂದಿನ ದರ್ಜಿಗಳು ಬದಿಯ ಹೊಲಿಗೆಯಲ್ಲಿ, ಬೆನ್ನ ನಡುವಿನ ಹೊಲಿಗೆಯಲ್ಲಿ, ತೋಳಿನ ತುದಿಯಲ್ಲಿ ಸಾಕಷ್ಟು ಬಟ್ಟೆಯನ್ನು ಒಳಗೆ ಮಡಿಸಿ ಬಿಡುತ್ತಿದ್ದರು. ಆದ್ದರಿಂದ ಸೊಂಟವನ್ನು ಒಂದಿಷ್ಟು ಸಡಿಲಿಸಬಹುದು, ತೋಳನ್ನು ಉದ್ದ ಮಾಡಬಹುದು. ಭುಜವನ್ನು ಅಗಲ ಮಾಡಲು ಆಗುವುದಿಲ್ಲ. ಅಲ್ಲಿ ಕ್ಯಾನ್ವಾಸ್, ಹತ್ತಿಯ ಪದರ, ತೋಳಿನ ಜೋಡಣೆ, ಕಾಲರು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಬಿಗಿ ಭುಜದ ಕೋಟು ತೊಟ್ಟು ನೀವು ಧಾರೆಯ ಹೊತ್ತಿನಲ್ಲಿ ತಂಬಿಗೆ ಎತ್ತಿದರೆ ಹೊಲಿಗೆ ಸಿಡಿಯುವುದು ಖಚಿತ.

ನಮ್ಮ ಸಲಹೆ ಇಷ್ಟು: ಅಜ್ಜನ ಕೋಟನ್ನು ಶುಚಿಮಾಡಿ ಕಾಪಾಡಿ, ಅದನ್ನೇ ಮಾದರಿಯಾಗಿ ಕೊಟ್ಟು ನಿಮ್ಮ ಅಳತೆಗೆ ಹೊಸದನ್ನು ಹೊಲಿಸಿ. ಕಾಲರಿನ ಎತ್ತರ, ಗುಂಡಿಗಳ ನಡುವಿನ ಅಂತರ, ಕಿಸೆಯ ಜಾಗ, ಕೋಟಿನ ಉದ್ದ ಇವನ್ನು ಇದ್ದಂತೆಯೇ ನಕಲು ಮಾಡಲಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೂ ವೈಶಾಖದ ಚಪ್ಪರದಡಿ, ಹೋಮದ ಹೊಗೆಯ ಪಕ್ಕದಲ್ಲಿ ಕಪ್ಪು ಉಣ್ಣೆ ಸಹಿಸುವಂಥದ್ದಲ್ಲ. ಟಸರ್ ರೇಷ್ಮೆಯಲ್ಲಿ ಅಥವಾ ಕೆನೆಬಣ್ಣದ ಲಿನನ್ನಿನಲ್ಲಿ, ಬೆನ್ನಿಗೆ ಅಸ್ತರಿಲ್ಲದೆ ಭುಜ ಮತ್ತು ತೋಳಿಗೆ ಮಾತ್ರ ಅಸ್ತರು ಕೊಟ್ಟು ಹೊಲಿಸಿ. ಕೆಳಗೆ ಕಚ್ಚೆಪಂಚೆ, ಹೆಗಲ ಮೇಲೆ ಶಲ್ಯ. ಕೋಟಿನ ಗುಂಡಿಯನ್ನು ಕುತ್ತಿಗೆಯವರೆಗೆ ಹಾಕಿಕೊಳ್ಳುವುದಾದರೆ ಒಳಗೆ ಅಂಗಿ ಬೇಡ, ತೋಳಿರುವ ಹತ್ತಿಯ ಬನಿಯನ್ ಸಾಕು.

ಪ್ರಶ್ನೆ: ನನ್ನ ದರ್ಜಿ ಒಳ್ಳೆಯ ಕೆಲಸಗಾರರು. ಆದರೆ ಹಳೆಯ ಮಾದರಿ ಬೇಕೆಂದು ಎಷ್ಟು ಹೇಳಿದರೂ ಕೊನೆಗೆ ಹೊಲಿದುಕೊಡುವುದು ಬಿಗಿ ಪ್ಯಾಂಟನ್ನೇ. ಚಿತ್ರ ತೋರಿಸಿದರೆ ‘ಇದು ಈಗ ನಡೆಯುವುದಿಲ್ಲ’ ಎನ್ನುತ್ತಾರೆ. ಅವರಿಗೆ ಹೇಗೆ ಹೇಳಬೇಕು?
– ಔಷಧಿ ಅಂಗಡಿಯ ಮಾಲೀಕರು, ಕುಮಟಾ

ಉತ್ತರ: ಮಾದರಿಯ ಹೆಸರು ಹೇಳಬೇಡಿ, ಚಿತ್ರವನ್ನೂ ತೋರಿಸಬೇಡಿ, ಇಂಚುಗಳಲ್ಲಿ ಹೇಳಿ. ಚಿತ್ರದಲ್ಲಿರುವವನ ಮೈಕಟ್ಟು ಬೇರೆ, ನಿಮ್ಮದು ಬೇರೆ. ದರ್ಜಿಗೆ ಅದರಿಂದ ಸಿಗುವ ಮಾಹಿತಿ ಬಹಳ ಕಡಿಮೆ. ಟೇಪಿನ ಅಂಕಿಗೆ ಮಾತ್ರ ಯಾರೂ ತಕರಾರು ಮಾಡುವುದಿಲ್ಲ.

ಮುಖ್ಯವಾದುದು ಸೊಂಟಪಟ್ಟಿಯ ಮೇಲಂಚಿನಿಂದ ಕಾಲುಗಳು ಕೂಡುವ ಹೊಲಿಗೆಯವರೆಗಿನ ಮುಂಭಾಗದ ಅಳತೆ. ಇಂದಿನ ಸಿದ್ಧ ಪ್ಯಾಂಟುಗಳಲ್ಲಿ ಅದು ಸುಮಾರು 9ರಿಂದ 10 ಇಂಚು. ಐದೂವರೆ ಅಡಿಯಿಂದ ಆರಡಿ ಎತ್ತರದವರಿಗೆ ಹಳೆಯ ಕತ್ತರಿಯಲ್ಲಿ ಅದು ಹನ್ನೊಂದೂವರೆಯಿಂದ ಹನ್ನೆರಡೂವರೆ ಇಂಚು ಬರುತ್ತದೆ. ಸೊಂಟದ ಸುತ್ತಳತೆಯನ್ನು ಸೊಂಟದ ಮೂಳೆಯ ಮೇಲೆ ತೆಗೆಯದೆ ಹೊಕ್ಕುಳಿನ ಮಟ್ಟದಲ್ಲೇ ತೆಗೆಯಲು ಹೇಳಿ. ಅಲ್ಲಿ ಅಳತೆ ಬೇರೆಯೇ ಇರುತ್ತದೆ, ಇದನ್ನು ಮರೆತಾಗಲೇ ಪ್ಯಾಂಟು ಜಾರುತ್ತದೆ. ಪಾದದ ಬಳಿಯ ಸುತ್ತಳತೆ ಬಿಗಿ ಪ್ಯಾಂಟಿನಲ್ಲಿ 13–14 ಇಂಚು ಇದ್ದರೆ, 1940ರ ದಶಕದಲ್ಲಿ 19–20 ಇಂಚೂ ಇರುತ್ತಿತ್ತು. ಅಷ್ಟು ಅಗಲ ಇಂದಿನ ಕಣ್ಣಿಗೆ ಪೈಜಾಮದಂತೆ ಕಾಣುವುದರಿಂದ 17 ಇಂಚಿಗೆ ನಿಲ್ಲಿಸಿ. ಪ್ರತಿ ಬದಿಗೂ ಎರಡು ನೆರಿಗೆ. ಮೊದಲನೆಯದು ಇಸ್ತ್ರಿ ಗೀರಿನ ನೇರಕ್ಕೆ ಇಳಿಯಬೇಕು, ಎರಡನೆಯದು ಅದಕ್ಕೂ ಕಿಸೆಗೂ ನಡುವೆ ಇರಲಿ. ನಿಂತಾಗ ನೆರಿಗೆ ಬಾಯಿ ತೆರೆದುಕೊಂಡರೆ ತೊಡೆಯಲ್ಲಿ ಬಟ್ಟೆ ಸಾಲಲಿಲ್ಲವೆಂದೇ ಅರ್ಥ.

ಬೆಲ್ಟಿನ ಲೂಪು ಬೇಡ, ಎರಡೂ ಬದಿಗೆ ಬಕಲ್ ಇರುವ ಬಿಗಿಪಟ್ಟಿ ಇಡಿಸಿ. ಹೊಟ್ಟೆಯ ನಡುಮಟ್ಟದಲ್ಲಿ ಚರ್ಮದ ಬೆಲ್ಟು ಕಟ್ಟಿದರೆ ಅದರಡಿ ಬೆವರು ಸೇರಿ ತುರಿಕೆ ಏಳುತ್ತದೆ, ಬೆಲ್ಟೂ ಬೇಗ ಹಾಳಾಗುತ್ತದೆ.

ಬಟ್ಟೆಯ ಲೆಕ್ಕವನ್ನೂ ಬದಲಿಸಿಕೊಳ್ಳಬೇಕು. 58 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ಪ್ಯಾಂಟಿಗೆಂದು ಅಂಗಡಿಯವರು ಸಾಮಾನ್ಯವಾಗಿ 1.2 ಅಥವಾ 1.3 ಮೀಟರ್ ಕತ್ತರಿಸಿಕೊಡುತ್ತಾರೆ. ಎತ್ತರದ ಸೊಂಟ, ನೆರಿಗೆ, ಕಾಲ ತುದಿಯ ಹೊರಮಡಿಕೆ ಎಲ್ಲಕ್ಕೂ ಅದು ಸಾಲದು, ಒಂದೂವರೆ ಮೀಟರ್ ಕೇಳಿ. ದರ್ಜಿಗಳು ಬಿಗಿ ಪ್ಯಾಂಟಿಗೇ ಮರಳುವುದಕ್ಕೆ ಅಭ್ಯಾಸ ಎಷ್ಟು ಕಾರಣವೋ ಬಟ್ಟೆ ಸಾಲದಿರುವುದೂ ಅಷ್ಟೇ ಕಾರಣ. ಹತ್ತಿ, ಲಿನನ್, ಖಾದಿ ಯಾವುದೇ ಆಗಲಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ದರ್ಜಿಗೆ ಕೊಡಿ. ಕುಗ್ಗುವುದೆಲ್ಲ ಹೊಲಿಗೆಗೆ ಮೊದಲೇ ಕುಗ್ಗಿಬಿಡಲಿ.

ಹೊರಮಡಿಕೆಯ ಬಗ್ಗೆ ಒಂದು ಮಾತು. ಒಂದೂವರೆ ಇಂಚಿನಿಂದ ಒಂದು ಮುಕ್ಕಾಲು ಇಂಚಿನ ಮಡಿಕೆ ಹಳೆಯ ಪ್ಯಾಂಟಿಗೆ ತೂಕ ಕೊಟ್ಟು ಅದನ್ನು ನೇರವಾಗಿ ಇಳಿಬಿಡುತ್ತದೆ. ಯುದ್ಧಕಾಲದಲ್ಲಿ, 1942ರಲ್ಲಿ, ಬಟ್ಟೆ ಉಳಿಸಲೆಂದು ಬ್ರಿಟಿಷ್ ಸರ್ಕಾರ ತನ್ನ ನಾಡಿನಲ್ಲಿ ಈ ಮಡಿಕೆಯನ್ನು ಕಾನೂನಿನಿಂದಲೇ ನಿಷೇಧಿಸಿತ್ತು. ಜನರ ಅಸಮಾಧಾನ ಎಷ್ಟಿತ್ತೆಂದರೆ 1944ರಲ್ಲಿ ನಿಷೇಧ ತೆಗೆಯಬೇಕಾಯಿತು. ಕುಮಟಾದಲ್ಲಿ ನಿಷೇಧ ಹಾಕುವುದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಡಿಕೆಯಲ್ಲಿ ಕೆಂಪು ರಾಡಿ ತುಂಬುತ್ತದೆ. ಮಳೆಗಾಲಕ್ಕೆ ಮಡಿಕೆಯಿಲ್ಲದ, ಪಾದಕ್ಕಿಂತ ಒಂದಿಂಚು ಮೇಲೆ ನಿಲ್ಲುವ, ಗಾಢ ಬಣ್ಣದ ಪ್ಯಾಂಟನ್ನು ಬೇರೆಯೇ ಹೊಲಿಸಿಟ್ಟುಕೊಳ್ಳಿ.

ಮೊದಲ ಪ್ಯಾಂಟನ್ನು ಅಗ್ಗದ ಹತ್ತಿ ಡ್ರಿಲ್‌ನಲ್ಲಿ ಹೊಲಿಸಿ, ಬಳಸಿ ನೋಡಿ, ಸರಿಬಂದ ಅಳತೆಯನ್ನು ಅವರ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಬರೆಯಿಸಿ. ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಮಜೂರಿಯನ್ನು ಅವರು ಕೇಳುವ ಮೊದಲೇ ನೀವು ಹೇಳಿದರೆ ‘ನಡೆಯುವುದಿಲ್ಲ’ ಎಂಬ ಮಾತು ಅರ್ಧ ಕಡಿಮೆಯಾಗುತ್ತದೆ.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ‘ವಿಂಟೇಜ್’ ಎಂದರೆ ಬರೀ ಬ್ರಿಟಿಷ್ ದೊರೆಗಳ ಉಡುಪೇ? ಅಂಕೋಲೆ ಉಪ್ಪಿನ ಸತ್ಯಾಗ್ರಹದ ನೆಲ. ಇಲ್ಲಿನವರು ಖಾದಿ ತೊಟ್ಟು ಜೈಲಿಗೆ ಹೋದರು. ಅವರ ಮೊಮ್ಮಕ್ಕಳು ಸಸ್ಪೆಂಡರ್ ಹಾಕಿಕೊಳ್ಳುವುದು ವಿಚಿತ್ರವಲ್ಲವೇ? ನಮ್ಮದೇ ಹಳೆಯ ಉಡುಪನ್ನು ಇಂದು ತೊಡಬಹುದಾದ ಬಗೆ ಹೇಗೆ?
– ಕಾಲೇಜು ಉಪನ್ಯಾಸಕರು, ಅಂಕೋಲಾ

ಉತ್ತರ: ಪ್ರಶ್ನೆ ನ್ಯಾಯವಾದುದು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾನೂನು ಮುರಿದಾಗ, ನಂತರ ಅಂಕೋಲಾ, ಶಿರಸಿ, ಸಿದ್ದಾಪುರಗಳ ರೈತರು ಕರ ನಿರಾಕರಿಸಿ ಜಮೀನು ಕಳೆದುಕೊಂಡಾಗ, ಮೈಮೇಲಿನ ಬಟ್ಟೆ ಎಂಬುದು ಯಾರ ಪರ ನಿಂತಿದ್ದೀರಿ ಎಂಬುದನ್ನು ಹೇಳುತ್ತಿತ್ತು. ಗಾಂಧೀಜಿಯವರು 1921ರ ಸೆಪ್ಟೆಂಬರ್‌ನಲ್ಲಿ ಮಧುರೆಯಲ್ಲಿ ಮೇಲಂಗಿ ಬಿಟ್ಟು ತುಂಡುಪಂಚೆಗೆ ಇಳಿದ ಮೇಲೆ ಈ ದೇಶದಲ್ಲಿ ಉಡುಪನ್ನು ಕೇವಲ ಅಭಿರುಚಿಯ ವಿಷಯವಾಗಿ ನೋಡುವುದು ಯಾರಿಗೂ ಸಾಧ್ಯವಾಗಲಿಲ್ಲ.

ಆದರೆ ಆ ಕಾಲದ ಫೋಟೋಗಳು ಇನ್ನೊಂದು ಸಂಗತಿಯನ್ನೂ ತೋರಿಸುತ್ತವೆ. ಅಂದಿನ ವಕೀಲರು, ಮಾಸ್ತರರು, ಗುಮಾಸ್ತರು ಯಾವುದೋ ಒಂದು ಕಡೆಯ ಉಡುಪನ್ನು ಪೂರ್ತಿಯಾಗಿ ತೊಟ್ಟವರಲ್ಲ: ಕೆಳಗೆ ಪಂಚೆ, ಮೇಲೆ ಕೋಟು, ತಲೆಗೆ ರುಮಾಲು ಅಥವಾ ಟೋಪಿ, ಕಾಲಿಗೆ ಪಂಪ್ ಶೂ ಇಲ್ಲವೇ ಚಪ್ಪಲಿ. ಈ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ 1956ರವರೆಗೆ ಅಲ್ಲೇ ಉಳಿದದ್ದರಿಂದ ಇಲ್ಲಿನ ಉಡುಪಿನ ಮೇಲೆ ಮೈಸೂರಿಗಿಂತ ಮುಂಬಯಿ, ಪುಣೆಗಳ ನೆರಳು ಹೆಚ್ಚು. ಇತ್ತೀಚೆಗೆ ನಿಮ್ಮ ಭಾಗದ ಸನ್ಮಾನ ಸಭೆಗಳಲ್ಲೂ ಕಾಣುವ ಜರಿಯ ಮೈಸೂರು ಪೇಟ ಅರಮನೆಯ ಪರಂಪರೆಯದು. ಅದು ಸುಂದರವಾಗಿದೆ, ಆದರೆ ನಿಮ್ಮ ಅಜ್ಜಂದಿರು ಅದನ್ನು ಕಟ್ಟಿರುವ ಸಂಭವ ಕಡಿಮೆ.

ಹಾಗಾದರೆ ಇಂದು ಏನು ತೊಡಬಹುದು? ಖಾದಿಯ ಅರ್ಧತೋಳಿನ ಜುಬ್ಬಾ, ಇಲ್ಲವೇ ಖಾದಿಯದೇ ಬುಶ್ ಶರ್ಟು, ಅದರ ಕೆಳಗೆ ನೆರಿಗೆಯ ಹತ್ತಿ ಪ್ಯಾಂಟು: ಇದು ತರಗತಿಯಲ್ಲೂ ಸಭೆಯಲ್ಲೂ ಸಲ್ಲುತ್ತದೆ, ಯಾರ ಅನುಕರಣೆಯಾಗಿಯೂ ಕಾಣುವುದಿಲ್ಲ. ರಾಷ್ಟ್ರಧ್ವಜದ ಬಟ್ಟೆ ನೇಯುವ ಗರಗ, ಧ್ವಜ ತಯಾರಾಗುವ ಹುಬ್ಬಳ್ಳಿಯ ಬೆಂಗೇರಿ ನಿಮಗೆ ದೂರವೇನಲ್ಲ. ಆ ಕಡೆಯ ಖಾದಿ ಮಳಿಗೆಗಳಲ್ಲಿ ಥಾನಿನ ಬಟ್ಟೆಯನ್ನು ಕೈಯಲ್ಲಿ ಮುಟ್ಟಿ ಆರಿಸಿಕೊಳ್ಳಿ. ಖಾದಿಯ ಅಂಗಿಗೆ ಪ್ಲಾಸ್ಟಿಕ್ ಗುಂಡಿ ಬೇಡ, ಚಿಪ್ಪಿನ ಅಥವಾ ತೆಂಗಿನ ಕರಟದ ಗುಂಡಿ ಹಾಕಿಸಿ. ಗಾಂಧಿ ಟೋಪಿಯ ವಿಷಯದಲ್ಲಿ ಮಾತ್ರ ನಮಗೆ ಹಿಂಜರಿಕೆ ಇದೆ. ಅದನ್ನು ಫ್ಯಾಷನ್ನಿಗಾಗಿ ತೊಡುವಷ್ಟು ಆ ಕಾಲ ನಮ್ಮಿಂದ ದೂರ ಸರಿದಿಲ್ಲ. ಮನೆಯಲ್ಲಿ ಅದನ್ನು ತೊಟ್ಟ ಹಿರಿಯರಿದ್ದು, ನೀವೂ ಅದೇ ಅರ್ಥದಲ್ಲಿ ತೊಡುವುದಾದರೆ ಬೇರೆ ಮಾತು.

ಇನ್ನು ಸಸ್ಪೆಂಡರ್ ಹಾಕಿಕೊಳ್ಳುವ ಮೊಮ್ಮಕ್ಕಳ ಬಗ್ಗೆ: ಅಷ್ಟು ಕಠಿಣರಾಗುವುದು ಬೇಡ. ಪ್ಯಾಂಟು, ಅಂಗಿ, ಕಾಲರು ಎಲ್ಲವೂ ಹೊರಗಿನಿಂದ ಬಂದವೇ. ಅವನ್ನು ನಾವು ಈಗಾಗಲೇ ನಮ್ಮದಾಗಿಸಿಕೊಂಡಿದ್ದೇವೆ.

ಪ್ರಶ್ನೆ: ಇಂಥ ಪ್ಯಾಂಟಿಗೆ ಶೂ ಬಿಟ್ಟು ಚಪ್ಪಲಿ ಹಾಕಬಹುದೇ?
– ಓದುಗರು, ಸದಾಶಿವಗಡ

ಉತ್ತರ: ಧಾರಾಳವಾಗಿ. ಕೊಲ್ಲಾಪುರಿ ಚಪ್ಪಲಿ ಚೆನ್ನಾಗಿ ಹೊಂದುತ್ತದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ತೊಗಟೆ, ಕಾಯಿಗಳಿಂದ ಹದಮಾಡಿದ ಆ ಚರ್ಮಕ್ಕೆ ನೀರು ತಾಗಿದರೆ ಉಬ್ಬಿ ಬಿಚ್ಚಿಕೊಳ್ಳುತ್ತದೆ. ದಸರೆಯಿಂದ ಮೇ ತಿಂಗಳವರೆಗೆ ತೊಡಿ.

ಪ್ರಶ್ನೆ: ತಂದೆಯವರ 1970ರ ದಶಕದ ಬೆಲ್‌ಬಾಟಮ್ ಮತ್ತು ಟೆರಿಲಿನ್ ಅಂಗಿಗಳು ಹೊಸದರಂತೆಯೇ ಇವೆ. ನಾನು ತೊಡಬಹುದೇ?
– ವಿದ್ಯಾರ್ಥಿ, ಯಲ್ಲಾಪುರ

ಉತ್ತರ: ಹೊಸದರಂತೆ ಇರುವುದು ಪಾಲಿಯೆಸ್ಟರ್ ಆದುದರಿಂದ; ನುಸಿ ಕೂಡ ಅದನ್ನು ಮುಟ್ಟುವುದಿಲ್ಲ. ಗೆಳೆಯರ ಹುಟ್ಟುಹಬ್ಬಕ್ಕೆ ತೊಡಿ. ಒಲೆಯ ಹತ್ತಿರ, ಪಟಾಕಿಯ ಹತ್ತಿರ ತೊಡಬೇಡಿ. ಕರಗಿ ಮೈಗೆ ಅಂಟಿಕೊಳ್ಳುವ ಬಟ್ಟೆ ಅದು.

ಪ್ರಶ್ನೆ: ಕಷ್ಟಪಟ್ಟು ಹೊಲಿಸಿದ ಉಣ್ಣೆ ಕೋಟು, ಚರ್ಮದ ಬ್ರೋಗ್ ಶೂ, ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟ ಅಂಗಿಗಳು ಪ್ರತಿ ಮಳೆಗಾಲವೂ ಬೂಷ್ಟು ಹಿಡಿಯುತ್ತವೆ. ಡಾಂಬರು ಗುಳಿಗೆ ಎಷ್ಟು ಹಾಕಿದರೂ ಪ್ರಯೋಜನವಿಲ್ಲ. ಏನು ಮಾಡಬೇಕು?
– ನಿವೃತ್ತ ಅಧಿಕಾರಿ, ಹೊನ್ನಾವರ

ಉತ್ತರ: ಡಾಂಬರು ಗುಳಿಗೆ ನುಸಿಗೆ ಮದ್ದು, ಬೂಷ್ಟಿಗಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಿಮ್ಮ ಊರಿನಲ್ಲಿ ಕಪಾಟಿನೊಳಗಿನ ತೇವವೇ ನಿಜವಾದ ಶತ್ರು. ಗಾಳಿಯ ತೇವ ನೂರಕ್ಕೆ ಎಪ್ಪತ್ತು ದಾಟಿದ ಮೇಲೆ ಬೂಷ್ಟು ಆರಾಮವಾಗಿ ಬೆಳೆಯುತ್ತದೆ. ಗುಳಿಗೆಯ ಸಂಖ್ಯೆ ಹೆಚ್ಚಿಸುವುದರಿಂದ ಕೋಣೆಯಲ್ಲಿ ಮಲಗುವವರಿಗೆ ತೊಂದರೆಯಾದೀತು ಅಷ್ಟೆ. ಮನೆಯಲ್ಲಿ ಎಳೆಯ ಮಕ್ಕಳಿದ್ದರೆ ಅವರ ಬಟ್ಟೆ, ಹೊದಿಕೆಗಳ ಹತ್ತಿರ ಅದನ್ನು ಇಡಲೇಬಾರದು. ಕೆಲವು ಮಕ್ಕಳಲ್ಲಿ ಅದು ರಕ್ತಕಣಗಳನ್ನೇ ಒಡೆಯುತ್ತದೆ.

ಮೇ ತಿಂಗಳ ಕೊನೆಯ ಬಿಸಿಲಿನಲ್ಲಿ ಎಲ್ಲವನ್ನೂ ಹೊರತೆಗೆದು, ತೊಳೆಯಬೇಕಾದದ್ದನ್ನು ತೊಳೆದು, ಪೂರ್ತಿ ಒಣಗಿಸಿ. ಹತ್ತಿಯ ಅಂಗಿಗಳ ಗಂಜಿಯನ್ನು ಸಂಪೂರ್ಣ ತೊಳೆದು ತೆಗೆದೇ ಮಡಿಸಿಡಿ: ಗಂಜಿ ಬೂಷ್ಟಿಗೂ ಆಹಾರ, ಜಿರಲೆಗೂ ಆಹಾರ. ಬೆವರಿನ ಕಲೆ ಉಳಿದ ಕಾಲರಿನಿಂದಲೇ ಹಾಳಾಗುವಿಕೆ ಶುರುವಾಗುತ್ತದೆ. ಕೋಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಬೇಡಿ, ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಹಳೆಯ ಬಿಳಿ ಪಂಚೆಯೊಂದನ್ನು ಹೊದಿಸಿ, ಅಗಲ ಭುಜದ ಮರದ ಹ್ಯಾಂಗರಿಗೆ ತೂಗುಹಾಕಿ. ಕಪಾಟನ್ನು ಹೊರಗೋಡೆಗೆ ತಾಗಿಸದೆ ನಾಲ್ಕು ಬೆರಳು ಜಾಗ ಬಿಡಿ. ಒಳಗೆ ತೇವ ಹೀರುವ ಡಬ್ಬಿಗಳನ್ನಿಡಿ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಅಂಥ ಡಬ್ಬಿಗಳು ಈಗ ಅಂಗಡಿಗಳಲ್ಲಿ ಸಿಗುತ್ತವೆ, ನೀರು ತುಂಬಿದೊಡನೆ ಚೆಲ್ಲಿ ಬದಲಿಸಬೇಕು. ವಾರಕ್ಕೊಮ್ಮೆ ಬಾಗಿಲು ತೆರೆದು ಫ್ಯಾನಿನ ಗಾಳಿ ಬಿಡಿ. ಲಾವಂಚದ ಕಟ್ಟು ಇಟ್ಟರೆ ವಾಸನೆ ಹಿತವಾಗಿರುತ್ತದೆ. ಅದರಿಂದ ಬೂಷ್ಟು ನಿಲ್ಲುತ್ತದೆಂದು ಮಾತ್ರ ನಂಬಬೇಡಿ.

ಶೂಗಳನ್ನು ಪೆಟ್ಟಿಗೆಯಲ್ಲಿ ಇಡುವುದೇ ತಪ್ಪು. ತೆರೆದ ಹಲಗೆಯ ಮೇಲೆ, ಒಳಗೆ ಸುದ್ದಿಪತ್ರಿಕೆ ತುಂಬಿ ಇಡಿ, ಕಾಗದವನ್ನು ಆಗಾಗ ಬದಲಿಸಿ. ಬೂಷ್ಟು ಕಂಡರೆ ಒಣ ಬಟ್ಟೆಯಿಂದ ಅಂಗಳದಲ್ಲಿ ಒರೆಸಿ, ಒಣಗಿಸಿ, ಮೇಣದ ಪಾಲಿಶ್ ತೆಳುವಾಗಿ ಹಚ್ಚಿ. ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ನಿಮ್ಮ ಕಡೆ ಇದೆ. ಅದು ಚರ್ಮವನ್ನು ಮೆತ್ತಗೆ ಮಾಡುತ್ತದೆ, ಜೊತೆಗೆ ಬೂಷ್ಟಿಗೂ ಔತಣ ಕೊಡುತ್ತದೆ.

ಪ್ರಶ್ನೆ: ಹಳೆಯ ಉಡುಪಿನ ಜೊತೆಗೆ ದೊಡ್ಡಪ್ಪನ ಎಚ್‌ಎಂಟಿ ಜನತಾ ಗಡಿಯಾರ ಕಟ್ಟುತ್ತಿದ್ದೇನೆ. ಮಳೆಗಾಲದಲ್ಲಿ ಗಾಜಿನ ಒಳಗೆ ಮಂಜು ಕಟ್ಟುತ್ತದೆ. ಆನ್‌ಲೈನಿನಲ್ಲಿ ಬಣ್ಣಬಣ್ಣದ ಡಯಲ್‌ಗಳ ಎಚ್‌ಎಂಟಿ ಅಗ್ಗಕ್ಕೆ ಸಿಗುತ್ತಿವೆ, ಅವನ್ನೇ ಕೊಳ್ಳಲೇ?
– ಶಾಲಾ ಶಿಕ್ಷಕರು, ಸಿದ್ದಾಪುರ

ಉತ್ತರ: ದೊಡ್ಡಪ್ಪನ ಗಡಿಯಾರವನ್ನೇ ಇಟ್ಟುಕೊಳ್ಳಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಜನತಾ ಕೈಯಿಂದ ಕೀಲಿ ಕೊಡುವ ಸರಳ ಯಂತ್ರ. ಸರಿಯಾಗಿ ನೋಡಿಕೊಂಡರೆ ಇನ್ನೂ ಒಂದು ತಲೆಮಾರು ನಡೆಯುತ್ತದೆ. 2016ರಲ್ಲಿ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ ಮೇಲೆ ಹಳೆಯ ಗಡಿಯಾರಗಳಿಗೆ ಬೇಡಿಕೆ ಏರಿ, ಅವುಗಳ ಡಯಲ್‌ಗೆ ಹೊಸದಾಗಿ ಬಣ್ಣ ಬಳಿದು, ಬೇರೆ ಬೇರೆ ಗಡಿಯಾರಗಳ ಭಾಗ ಜೋಡಿಸಿ ಮಾರುವ ವ್ಯಾಪಾರ ಹೆಚ್ಚಿತು. ಅಕ್ಷರಗಳ ಅಂಚು ಮಸುಕಾಗಿದ್ದರೆ, ನಿಮಿಷದ ಗೆರೆಗಳು ಮುಳ್ಳಿನ ತುದಿಗೆ ಹೊಂದದಿದ್ದರೆ ಅಂಥದ್ದನ್ನು ಕೊಳ್ಳಬೇಡಿ.

ಮಂಜು ಕಟ್ಟುವುದು ಗಂಭೀರ ಲಕ್ಷಣ. ಬಿಸಿಲಿಗಿಟ್ಟರೆ ಮಾಯವಾದಂತೆ ಕಾಣುತ್ತದೆ, ಆದರೆ ತೇವ ಒಳಗಿನ ಉಕ್ಕಿನ ಸುರುಳಿಯ ಮೇಲೆ ತುಕ್ಕಾಗಿ ಉಳಿಯುತ್ತದೆ. ತಡಮಾಡದೆ ಗಡಿಯಾರ ದುರಸ್ತಿಯವರಲ್ಲಿ ಬಿಚ್ಚಿಸಿ, ಶುಚಿಮಾಡಿಸಿ, ಎಣ್ಣೆ ಹಾಕಿಸಿ, ಹಿಂಬದಿಯ ಮುಚ್ಚಳದ ರಬ್ಬರ್ ಬಳೆಯನ್ನು ಬದಲಿಸಲು ಹೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಮನೆಯಲ್ಲೇ, ಸಿಲಿಕಾ ಜೆಲ್ ಪೊಟ್ಟಣಗಳಿರುವ ಬಿಗಿ ಡಬ್ಬಿಯಲ್ಲಿಟ್ಟು ಆಗಾಗ ಕೀಲಿ ಕೊಡಿ. ಚರ್ಮದ ಪಟ್ಟಿ ಬೆವರಿಗೆ ಕೊಳೆಯುವುದರಿಂದ ಸೆಕೆಗಾಲಕ್ಕೆ ಬಟ್ಟೆಯ ಪಟ್ಟಿ ಹಾಕಿಸಿ.

ಪ್ರಶ್ನೆ: ಹಳೆಯ ಸಿನಿಮಾಗಳಲ್ಲಿ ಕಾಣುವ ಫೆಲ್ಟ್ ಹ್ಯಾಟು, ಟ್ರೆಂಚ್ ಕೋಟು ಮಳೆಗಾಲಕ್ಕೆ ಸರಿಯಲ್ಲವೇ? ಬಂದರಿನ ಕಚೇರಿಗೆ ನಡೆದೇ ಹೋಗುತ್ತೇನೆ.
– ಗುಮಾಸ್ತರು, ಬೈತಖೋಲ

ಉತ್ತರ: ಸರಿಯಲ್ಲ. ಮೊದಲ ಮಹಾಯುದ್ಧದಲ್ಲಿ ಯುರೋಪಿನ ಕಂದಕಗಳಲ್ಲಿದ್ದ ಬ್ರಿಟಿಷ್ ಅಧಿಕಾರಿಗಳಿಂದ ಜನಪ್ರಿಯವಾದ ಟ್ರೆಂಚ್ ಕೋಟು ಚಳಿಯ ಮಳೆಗೆ ಹೊಲಿದದ್ದು. ಕಾರವಾರದ ಜುಲೈ ಮಳೆ ಬೆಚ್ಚನೆಯದು. ಮಂಡಿಯವರೆಗಿನ ದಪ್ಪ ಕೋಟು ತೊಟ್ಟು ಬೈತಖೋಲದ ರಸ್ತೆಯಲ್ಲಿ ನಡೆದರೆ ಹೊರಗಿನಿಂದ ಮಳೆಗೆ, ಒಳಗಿನಿಂದ ಬೆವರಿಗೆ ನೆನೆಯುತ್ತೀರಿ. ಫೆಲ್ಟ್ ಹ್ಯಾಟು ನೆನೆದು ಒಣಗುವಷ್ಟರಲ್ಲಿ ಆಕಾರ ಕಳೆದುಕೊಳ್ಳುತ್ತದೆ. ಹಳೆಯ ಕಾಲದ್ದೇ ಬೇಕೆಂದರೆ ಬಾಗಿದ ಬೆತ್ತದ ಹಿಡಿಯ, ಮಡಚಲಾಗದ ಉದ್ದ ಕಪ್ಪು ಕೊಡೆಯನ್ನು ಕೊಳ್ಳಿ. ಕಡಲಗಾಳಿಗೆ ಮಡಚುವ ಕೊಡೆಗಳು ತಿರುಚಿಕೊಂಡರೂ ಇದು ನಿಲ್ಲುತ್ತದೆ. ಎಂಟು ಕಡ್ಡಿಗಳ, ಉಕ್ಕಿನ ಕೋಲಿನ ಕೊಡೆ ಸಾಕು. ಉಪ್ಪುಗಾಳಿ ಕಡ್ಡಿಗಳ ಕೀಲುಗಳನ್ನು ಬೇಗ ತಿನ್ನುವುದರಿಂದ ಮಳೆಗಾಲ ಶುರುವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೊಂದೇ ಹನಿ ಬಿಡಿ. ಹೆಚ್ಚಾದರೆ ಬಟ್ಟೆಗೆ ಕಲೆ ಹಿಡಿಯುತ್ತದೆ.